ಚಂದವ್ವನ ಕೆಟ್ಟ ಟಿವಿ

ಮಸೂತಿ ಊರಿನ ಚಂದವ್ವನ ಮನೆಯಲ್ಲಿ ಯಾವ ಸಾಮಾನೂ ಕೆಟ್ಟ ಮೇಲೆ ಸುಮ್ಮನೆ ಕೂರುವ ಹಾಗಿರಲಿಲ್ಲ. ಹಿಡಿಕೆ ಮುರಿದ ಕುಕ್ಕರಿನಲ್ಲಿ ಕೊತ್ತಂಬರಿ ಬೆಳೆಯುತ್ತಿತ್ತು. ಸುಟ್ಟುಹೋದ ಫ್ಯಾನಿನ ಜಾಳಿಗೆ, ಬಿಸಿಲಿಗಿಟ್ಟ ಹಪ್ಪಳಕ್ಕೆ ಕಾಗೆ ಬಾಯಿ ಹಾಕದಂತೆ ಮುಚ್ಚಳವಾಗಿತ್ತು. ಜೋಡಿ ಕಳೆದುಕೊಂಡ ಒಂಟಿ ಚಪ್ಪಲಿ ಬಾಗಿಲಿನ ಅಡಿಗೆ ಸಿಕ್ಕಿಕೊಂಡು, ಗಾಳಿಗೆ ಕದ ಬಡಿಯದಂತೆ ಹಗಲೂ ರಾತ್ರಿ ದುಡಿಯುತ್ತಿತ್ತು.

ಮೊಮ್ಮಗಳು ಭಾಗ್ಯಾಳಿಗೆ ಇದೆಲ್ಲ ಮೊದಲು ಕಣ್ಣಿಗೇ ಬಿದ್ದಿರಲಿಲ್ಲ. ಬಾಗೇವಾಡಿಯ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುವ ಅವಳು ತಿಂಗಳ ಮೇಲೆ ನಿನ್ನೆ ರಾತ್ರಿ ಮನೆಗೆ ಬಂದಿದ್ದಳು. ಇವತ್ತು ಭಾನುವಾರ, ಗೆಳತಿ ವರದಾ ಮೊದಲ ಸಲ ಮನೆಗೆ ಬರುವವಳಿದ್ದಳು. ವರದಾಳ ಮನೆಯಲ್ಲಿ ಚಹಾದ ಕಪ್ಪಿಗೆಲ್ಲ ಜೋಡಿ ಬಸಿಗಳಿವೆ, ಒಂದರ ಅಂಚೂ ಮುಕ್ಕಾಗಿಲ್ಲ. ಅದು ನೆನಪಾದದ್ದೇ ಭಾಗ್ಯಾಳಿಗೆ ಮನೆ ತುಂಬ ಬರೀ ಮುರುಕು ಕಾಣತೊಡಗಿತು.

ಆಯಿ ಚಂದವ್ವ ಹೊಲಕ್ಕೆ ಹೋಗಿದ್ದೇ ತಡ, ಕುಕ್ಕರನ್ನೂ ಜಾಳಿಗೆಯನ್ನೂ ಹಿತ್ತಲಿಗೆ ಸಾಗಿಸಿದಳು. ಉಳಿದದ್ದು ಪಡಸಾಲೆಯ ಮೂಲೆಯಲ್ಲಿದ್ದ ಹಳೆಯ ಡಬ್ಬಾ ಟಿವಿ. ಕಳೆದ ಸಲ ಬಂದಾಗ ಅದರ ಗಾಜು ನೆಟ್ಟಗಿತ್ತು. ಈಗ ಅದರ ಮುಖಕ್ಕೆ ಆಯಿ ಗೋಣಿತಟ್ಟು ಇಳಿಬಿಟ್ಟಿದ್ದಳು. ಅಷ್ಟು ದೊಡ್ಡದನ್ನು ಎಲ್ಲಿ ಬಚ್ಚಿಡುವುದು? ಆಗಲೇ ಓಣಿಯಲ್ಲಿ ಟೆಂಪೊ ಒದರಿತು: "ಕೆಟ್ಟ ಟಿವಿ, ಕೆಟ್ಟ ಫ್ಯಾನ, ಒಡದ ಕೊಡ ಕೊಡ್ರಿ, ಹೊಸಾ ಟಬ್ ತಗೋರಿ..."

ಮೋಡಕಾ ಸಾಮಾನು ಕೊಳ್ಳುವ ಗುಜರಿಯ ತಬ್ರೇಜ ಟಿವಿ ಎತ್ತಿ ನೋಡಿದ. "ಭಾಳ ಹಗುರ ಐತಲ್ರಿ ಅಕ್ಕಾರ. ಒಳಗ ಏನರ ಐತೋ ಇಲ್ಲೋ?"

"ಹಳೇದಲ್ರಿ, ಸೊರಗೇತಿ. ಲಗೂನ ಒಯ್ರಿ."

ಟಿವಿ ಹೋಯಿತು, ಕೆಂಪಗೆ ಹೊಳೆಯುವ ಟಬ್ಬು ಬಂತು. ಭಾಗ್ಯಾ ಖಾಲಿಯಾದ ಮೂಲೆಗೆ ಹೊಸ ಪ್ಲಾಸ್ಟಿಕ್ ಕುರ್ಚಿ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟಳು.

ಚಂದವ್ವ ಹೊಲದಿಂದ ಬಂದಾಗ ಕೋಳಿಯೊಂದು ಆ ಕುರ್ಚಿಯ ಸುತ್ತ ಗಿರಕಿ ಹೊಡೆಯುತ್ತ ಕೊಕ್ ಕೊಕ್ ಎನ್ನುತ್ತಿತ್ತು.

"ಯವ್ವಾ, ನನ್ನ ಟಿವಿ ಎಲ್ಲಿ?"

"ಮೋಡಕಾದವರಿಗೆ ಕೊಟ್ಟೆ ಆಯಿ. ನೋಡಿಲ್ಲೆ, ಎಂಥಾ ಟಬ್ ಬಂತು."

ಚಂದವ್ವ ಟಬ್ಬಿನ ಕಡೆ ನೋಡಲಿಲ್ಲ. "ಅದರಾಗ ಹನ್ನೊಂದು ತತ್ತಿ ಇದ್ದೂವು. ಕಾವಿಗೆ ಕುಂದ್ರಿಸಿ ಇವತ್ತಿಗೆ ಇಪ್ಪತ್ತು ದಿನಾ. ನಾಳೆ ಮರಿ ಆಗ್ತಿದ್ದೂವು."

ಕೋಳಿ ಕಾಳು ಹೆಕ್ಕಲು ತಿಪ್ಪೆಗೆ ಹೋದ ಹೊತ್ತಿಗೇ ಭಾಗ್ಯಾ ಟಿವಿ ಕೊಟ್ಟಿದ್ದಳು. ಅದರಲ್ಲೂ ತತ್ತಿ ಇವರ ಮನೆಯವಲ್ಲ. ಕೋಳಿ ಚಂದವ್ವನದು, ತತ್ತಿ ಪಕ್ಕದ ಮನೆಯ ಸುರೇಖಾಳದು, ಮರಿಯಾದರೆ ಇಬ್ಬರಿಗೂ ಅರ್ಧರ್ಧ ಪಾಲು. ಹನ್ನೊಂದನೆಯ ಮರಿ ಯಾರದು ಎಂದು ಮಾತ್ರ ದಿನಾ ಜಗಳ.

"ಸುರೇಖಾಗ ಏನಂತ ಹೇಳ್ಲಿ? ನಿನ್ನ ಪಾಲಿನ ಮರಿ ಟಬ್ ಆಗ್ಯಾವು ಅಂತ ಹೇಳ್ಲೇನು?"

ಟೆಂಪೊ ಬಾಗೇವಾಡಿ ಕಡೆ ಹೋಗಿತ್ತು. ಅದು ಸಿಗುವಷ್ಟರಲ್ಲಿ ತತ್ತಿ ತಣ್ಣಗಾದರೆ ಮುಗಿಯಿತು. ಆ ದಾರಿಯಲ್ಲಿ ಭಾಗ್ಯಾಳಿಗೆ ಗೊತ್ತಿದ್ದವಳು ಒಬ್ಬಳೇ: ಬಸ್ಸಿನಲ್ಲಿ ಬರುತ್ತಿದ್ದ ವರದಾ. ಯಾರಿಂದ ಮುರುಕು ಮುಚ್ಚಿಡಲು ಇಷ್ಟೆಲ್ಲ ಮಾಡಿದಳೋ, ಅವಳಿಗೇ ಹೇಳಬೇಕು. ಎರಡು ಸಲ ಫೋನಿನಲ್ಲಿ ವರದಾಳ ಹೆಸರು ತೆಗೆದಳು, ಎರಡು ಸಲವೂ ಮುಚ್ಚಿದಳು. ಕೋಳಿ ಬಂದು ಅವಳ ಕಾಲ್ಬೆರಳಿಗೆ ಕುಕ್ಕಿತು. ಭಾಗ್ಯಾ ಫೋನ್ ಹಚ್ಚಿದಳು.

"ವರದಾ, ಎದುರಿಗೆ ಮೋಡಕಾ ಟೆಂಪೊ ಬಂದ್ರ ನಿಲ್ಲಸು. ಅದರಾಗ ನಮ್ಮ ಮನಿ ಕೆಟ್ಟ ಟಿವಿ ಐತಿ."

"ಕಳುವಾತೇನಲೇ?"

"ಇಲ್ಲ, ನಾನೇ ಕೊಟ್ಟೇನಿ. ನೀ ಬಂದು ಮುರಕ ಸಾಮಾನ ನೋಡ್ತಿ ಅಂತ. ಈಗ ನೋಡಿದ್ರ ಅದರೊಳಗ ತತ್ತಿ ಅದಾವು."

"ಟಿವಿ ಒಳಗ ತತ್ತಿ."

"ಹೌದಲೇ."

"ಅದಕ್ಕ ನಾ ಬಸ್ ಬಿಟ್ಟು ಇಳೀಬೇಕು."

"ಹೌದು."

"ಫೋನ್ ಇಡು. ಚಹಾದಂಗಡಿ ಮುಂದ ಒಂದು ಟೆಂಪೊ ನಿಂತೈತಿ."

ಭಾಗ್ಯಾ ಬಾಗಿಲಿಗೆ ಓಡಿದಳು. ಓಡುವ ಭರದಲ್ಲಿ ಟಬ್ಬಿನ ಮೇಲೆ ಕಾಲಿಟ್ಟಳು. ಅದು ಅಂಚಿನಿಂದ ತಳದವರೆಗೆ ಸೀಳಿತು.

ಅರ್ಧ ತಾಸು ಕಳೆದಿತ್ತು. "ಕೆಟ್ಟ ಟಿವಿ, ಕೆಟ್ಟ ಫ್ಯಾನ" ಎನ್ನುತ್ತಲೇ ಟೆಂಪೊ ಓಣಿಗೆ ತಿರುಗಿತು. ಹೊಸ ಡ್ರೆಸ್ಸು ತೊಟ್ಟ ವರದಾ ತಬ್ರೇಜನ ಪಕ್ಕದಲ್ಲಿ ಟಿವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ದುಪಟ್ಟಾ ಟಿವಿಯ ಒಳಗೆ ತತ್ತಿಗಳಿಗೆ ಹೊದಿಕೆಯಾಗಿತ್ತು.

ತಬ್ರೇಜನಿಗೆ ಇನ್ನೂ ಬೆರಗು. "ಆಯಿ, ಚಹಾ ಕುಡ್ಯಾಕ ನಿಂತಿದ್ದೆ. ವೈರಿಲ್ಲ, ಕರೆಂಟಿಲ್ಲ, ಟಿವಿ ಚಿಂವ್ ಚಿಂವ್ ಅನ್ನಾಕತ್ತು. ಗಾಡ್ಯಾಗ ಏನೋ ಹೊಕ್ಕೈತಿ ಅಂತ ನಾ ದೂರ ಸರದು ನಿಂತೆ. ಈ ಅಕ್ಕಾರು ಬಂದವರು ಸೀದಾ ಕೈನ ಹಾಕಿದ್ರು."

"ಒಂದು ತತ್ತಿಗೆ ತೂತು ಬಿದ್ದೈತ್ರಿ ಆಯಿ," ಎಂದಳು ವರದಾ ಅಳುಕುತ್ತ. "ನನ್ನ ಕೈ ತಾಗಿಲ್ರಿ."

"ಅದು ಒಳಗಿನ ಮರಿ ಕೆಲಸ ಬಿಡವ್ವಾ." ಚಂದವ್ವ ಒಂದೊಂದು ತತ್ತಿಯನ್ನೂ ಕಿವಿಗೆ ಹಿಡಿದು ಕೇಳಿದಳು. ಕೊನೆಯದನ್ನು ಇಳಿಸಿ ಉಸಿರು ಬಿಟ್ಟಳು. "ಹನ್ನೊಂದಕ್ಕೂ ಜೀವ ಐತಿ."

ಟಿವಿ ಮತ್ತೆ ಮೂಲೆಗೆ ಹೋಯಿತು. ಕೋಳಿ ಎಲ್ಲರನ್ನೂ ಒಮ್ಮೆ ಸಿಟ್ಟಿನಿಂದ ನೋಡಿ, ಗೋಣಿತಟ್ಟು ಸರಿಸಿ ಒಳಗೆ ನುಗ್ಗಿತು. ವರದಾ ಹೊಸ ಕುರ್ಚಿಯನ್ನು ಆಚೆ ತಳ್ಳಿ ಟಿವಿಯ ಮುಂದೆ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿದಳು.

"ಮತ್ತೇನೇನು ಬಚ್ಚಿಟ್ಟಿ? ತಾ, ನೋಡೂಣು."

ಭಾಗ್ಯಾ ಹಿತ್ತಲಿಗೆ ಹೋಗಿ ಕೊತ್ತಂಬರಿ ಕುಕ್ಕರನ್ನು ಹೊತ್ತು ತಂದಳು.

ತಬ್ರೇಜ ಬಾಗಿಲಲ್ಲೇ ನಿಂತಿದ್ದ. "ಅಕ್ಕಾರ, ಟಿವಿ ಬಂತು. ನಮ್ಮ ಟಬ್ ಕೊಡ್ರಿ."

ಭಾಗ್ಯಾ ತಲೆ ತಗ್ಗಿಸಿ ಸೀಳನ್ನು ತೋರಿಸಿದಳು. ಚಂದವ್ವ ಟಬ್ಬನ್ನು ತಿರುಗಿಸಿ, ಬೋರಲು ಹಾಕಿ ನೋಡಿದಳು. "ಇದು ಇರ್ಲಿ. ಸೀಳಿನ್ಯಾಗಿಂದ ಗಾಳಿ ಆಡ್ತೈತಿ, ಹದ್ದು ಬಂದ್ರ ಮರಿ ಮುಚ್ಚಾಕ ಚಲೋ ಆಗ್ತೈತಿ. ಇದರ ಬದಲಿ ನಿನಗ ಒಂದು ಮರಿ ಕೊಡ್ತೇನಿ, ಹನ್ನೊಂದನೇದು. ನಂದೂ ಸುರೇಖಾಂದೂ ಜಗಳಾನೂ ಹರೀತು."

"ಮರಿ ಒಯ್ದು ಎಲ್ಲಿ ಇಡ್ಲಿ ಆಯಿ?"

"ಯಾಕೋ ತಮ್ಮಾ, ದಿನಾ ಊರೂರು ಒದರ್ಕೋತ ತಿರಗ್ತಿ," ಎಂದಳು ಚಂದವ್ವ. "ನಿನಗ ಒಂದು ಕೆಟ್ಟ ಟಿವಿ ಸಿಗೂದಿಲ್ಲೇನು?"