ಭಾವ ಕೂತ ಕಲ್ಲು

ಆ ಬೆಳಗ್ಗೆ ಮಂಜು ಕಾಡಿನ ಗೇಟು ದಾಟಿ ತನ್ನ ಪಾಡಿಗೆ ಒಳಗೆ ಹೋಗುತ್ತಿತ್ತು. ಅದರ ಹತ್ತಿರ ಟಿಕೆಟ್ ಇರಲಿಲ್ಲ, ಯಾರೂ ಕೇಳಲಿಲ್ಲ. ಕೇಳಿಸಿಕೊಂಡವನು ನನ್ನ ಮಾವ.

"ಲೇ ಮುದಿಗೂಬೆ, ಯಾರಪ್ಪನ ಕಾಡು ಅಂತ ನುಗ್ತೀಯಾ? ಜೀಪು ಬರೋ ತನಕ ಆಚೆ ನಿಲ್ಲೋ ಬೋಳಿಮಗನೆ!"

ಬೈದವರು ಅರಣ್ಯದ ಸಾಹೇಬರು. ಮಾವ ಹಿಂದೆ ಸರಿದು ನಿಂತ. "ನಮ್ಮಪ್ಪಂದೇ ಸ್ವಾಮಿ" ಎಂದ, ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ ಎಂಬಂತೆ.

ಗೇಟಿನೊಳಗೆ ನಮ್ಮ ಗುಡಿಸಲುಗಳಿದ್ದವು. ಅಪರೂಪದ ಕರಿಚಿರತೆಗೆ ಮನುಷ್ಯರ ವಾಸನೆ ಆಗಿಬರುವುದಿಲ್ಲವೆಂದು ನಮ್ಮನ್ನು ಎಬ್ಬಿಸಿ ರಸ್ತೆಬದಿಗೆ ತಂದು ಹಾಕಿದರು. ಆಮೇಲೆ ದಿನಾ ಜೀಪುಗಟ್ಟಲೆ ಮನುಷ್ಯರನ್ನು ಒಳಗೆ ಒಯ್ಯತೊಡಗಿದರು. ಟಿಕೆಟ್ ಕೊಂಡ ಮನುಷ್ಯರಿಗೆ ವಾಸನೆ ಇರುವುದಿಲ್ಲವಂತೆ. ಮಾವನಿಗೆ ಅವರಿಗೆ ಚಿರತೆ ತೋರಿಸುವ ಕೆಲಸ, ನನಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುವ ಕೆಲಸ.

ನಮ್ಮವರು ಕಾಡಿನಲ್ಲಿ ಆ ಪ್ರಾಣಿಯ ಹೆಸರೆತ್ತುವುದಿಲ್ಲ. ಭಾವ ಎನ್ನುತ್ತೇವೆ. ಹೆಂಡತಿಯ ಅಣ್ಣ, ಎದುರಾದರೆ ತಲೆ ತಗ್ಗಿಸಿ ದಾರಿ ಬಿಡಬೇಕಾದವನು. ಕೆಲಸದ ಮೊದಲ ದಿನ ಮಾವ ಜೀಪಿನಲ್ಲಿ, "ಸ್ವಾಮಿ, ಭಾವ ಬಂದಿದಾನೆ" ಎಂದು ಪಿಸುಗುಟ್ಟಿದ್ದ.

"ನೆಂಟರನ್ನ ಮನೇಲಿಟ್ಕೊಳೋ ಬೇವರ್ಸಿ! ಸೌದೆ ಕದಿಯೋಕೆ ಕರೆಸಿದೀಯಾ?" ಎಂದು ಸಾಹೇಬರು ಗುಡುಗಿದರು. ಆ ಗುಡುಗಿಗೆ ಭಾವ ಪೊದೆ ಹೊಕ್ಕ. ಅತಿಥಿಗಳ ಪಾಲಿಗೆ ಬಂದದ್ದು ಬಾಲದ ತುದಿ. ಅಂದಿನಿಂದ ಸಾಹೇಬರು ಈ ಕತೆ ಹೇಳಿ ಬಂದವರನ್ನೆಲ್ಲ ನಗಿಸುತ್ತಾರೆ. ತಾವು ಗುಡುಗಿದ ಭಾಗ ಮಾತ್ರ ಕತೆಯಲ್ಲಿರುವುದಿಲ್ಲ.

ಆ ಮಂಜಿನ ಬೆಳಗ್ಗೆ ಬಂದವನು ಸಾಹೇಬರ ಮೇಲಧಿಕಾರಿಯ ಅಳಿಯ. ಕೊರಳಲ್ಲಿ ಒನಕೆಯಂಥ ಕ್ಯಾಮೆರಾ. ಸಾಹೇಬರು ಮಾವನನ್ನು ಪಕ್ಕಕ್ಕೆ ಕರೆದರು.

"ಇವತ್ತು ತೋರಿಸ್ಲೇಬೇಕು. ತೋರಿಸಿದ್ರೆ ನಿನ್ ಹೆಂಡ್ತಿ ಗುಂಡಿ ಹತ್ರ ಇಳಿಸ್ತೀನಿ. ಒಂದ್ಗಳಿಗೆ ಕೂತು ಬಾ. ಆಣೆ."

ಅತ್ತೆಯನ್ನು ಒಳಗೇ ಮಣ್ಣು ಮಾಡಿದ್ದು. ಗುಡ್ಡೆಯ ಮಣ್ಣು ಒಣಗುವ ಮೊದಲೇ ನಮ್ಮನ್ನು ಎಬ್ಬಿಸಿದ್ದರು. ದಿನಾ ಜೀಪು ಅದರ ಪಕ್ಕದಲ್ಲೇ ಹಾಯುತ್ತದೆ, ಇಳಿಯುವಂತಿಲ್ಲ. "ಒಂದ್ಸಲ ಅವಳ ತಲೆದೆಸೇಲಿ ಕಳೆ ಕಿತ್ತು ಬಂದ್ರೆ ಸಾಕು ಕಣಮ್ಮಾ" ಎಂದು ಮಾವ ನನಗೆ ಹೇಳದ ದಿನವಿಲ್ಲ.

ಜೀಪು ಹೊರಟಿತು. ಸಾಹೇಬರು ಕತೆ ಹೇಳಿದರು. ಅಳಿಯ ನಕ್ಕೂ ನಕ್ಕೂ ಚಹಾ ಚೆಲ್ಲಿಕೊಂಡು ಮಾವನ ಕಡೆ ತಿರುಗಿದ.

"ಎಲ್ಲಪ್ಪಾ ನಿನ್ನ ಭಾವ? ತಂಗೀನ ಕೊಟ್ಮೇಲೆ ಮುಖಾನೇ ತೋರಿಸ್ತಿಲ್ವಾ?"

ಮಾವನೂ ನಕ್ಕ. ನಗುವುದೂ ಕೆಲಸದಲ್ಲೇ ಸೇರಿತ್ತು.

ತಿರುವಿನಲ್ಲಿ ಮಂಜು ಹರಿಯಿತು. ಮಾವನ ಕೈ ಮೇಲೆದ್ದು ಹಾಗೇ ನಿಂತಿತು. ಅತ್ತೆಯ ತಲೆದೆಸೆಗೆ ನಾವಿಟ್ಟಿದ್ದ ಚಪ್ಪಟೆ ಕಲ್ಲಿನ ಮೇಲೆ, ಎಳೆಬಿಸಿಲಿಗೆ ಮೈಯೊಡ್ಡಿ, ಕರ್ರಗೆ ಮಿರುಗುತ್ತ ಭಾವ ಮಲಗಿದ್ದ. ತಂಗಿಯ ಮನೆಗೆ ಬಂದವನ ಹಾಗೆ.

"ಥತ್, ಬರೀ ಬೆನ್ನು! ಮುಖ ಬೇಕಲ್ರೀ" ಎಂದ ಅಳಿಯ. ಸಾಹೇಬರು ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು. ಭಾವ ಕಿವಿಯನ್ನೂ ಅಲುಗಿಸಲಿಲ್ಲ.

"ಸ್ವಾಮಿ, ತೋರಿಸಿದೀನಿ. ಅವಳ ಜಾಗಾನೂ ಅದೇ. ಇಳೀಲಾ?"

"ತಲೆ ಕೆಟ್ಟಿದ್ಯಾ? ಪ್ರಾಣಿ ಇರೋ ಕಡೆ ಇಳಿಯೋ ಹಾಗಿಲ್ಲ. ರೂಲ್ಸು."

"ಪ್ರಾಣಿ ಇಲ್ದಾಗ್ಲೂ ಇಳಿಸಿಲ್ವಲ್ಲ ಸ್ವಾಮಿ?"

"ಇಲ್ದಾಗ ಬರ್ಬೋದು, ಅದಕ್ಕೆ. ಮುಚ್ಕೊಂಡ್ ಕೂರು."

ಅಷ್ಟರಲ್ಲಿ ಅಳಿಯ ಕುಡಿದು ಉಳಿದ ನೀರಿನ ಬಾಟಲಿ ಬೀಸಿ ಎಸೆದ. ಅದು ಕಲ್ಲಿಗೆ ಬಡಿದು ಗುಡ್ಡೆಯ ಮೇಲೆ ಉರುಳಿತು. ಭಾವ ಮುಖ ತಿರುಗಿಸಿದ. ಕ್ಯಾಮೆರಾ ಟಕಟಕ ಎಂದಿತು.

"ಏನ್ ಗುರಿ ಸಾರ್ ನಿಮ್ದು!" ಎಂದರು ಸಾಹೇಬರು.

ಜೀಪಿನ ಬಾಗಿಲು ಕಿರುಗುಟ್ಟಿತು. ಮಾವ ಇಳಿದಿದ್ದ.

"ಲೇ... ಹತ್ತೋ... ಸಾಯ್ತೀಯಲ್ಲೋ..." ಸಾಹೇಬರ ಗುಡುಗು ಈಗ ಪಿಸುಮಾತಾಗಿತ್ತು. ಅಳಿಯ ಸೀಟಿನ ಕೆಳಗೆ ಕುಸಿದಿದ್ದ. ಒನಕೆ ಕ್ಯಾಮೆರಾ ಅವನ ತಲೆಯ ಮೇಲಿತ್ತು. ಡ್ರೈವರು ಸದ್ದಿಲ್ಲದೆ ಇಂಜಿನ್ ಆರಿಸಿದ. ಅವನೂ ರಸ್ತೆಬದಿಯವನೇ.

ಮಾವ ಕಲ್ಲಿನೆದುರು ತಲೆ ತಗ್ಗಿಸಿ ನಿಂತ.

"ಸ್ವಲ್ಪ ಜರುಗು ಭಾವ."

ಭಾವ ಅವನನ್ನು ನೋಡಿದ. ಎದ್ದ, ಮೈ ಮುರಿದ, ಒಂದು ಮಾರು ಆಚೆ ಹೋಗಿ ಕೂತ.

ಮಾವನೂ ಕೂತ. ಅತ್ತೆಯ ತಲೆದೆಸೆಯ ಕಳೆಯನ್ನು ಎಳೆ ಎಳೆಯಾಗಿ, ಅವಳ ತಲೆಗೂದಲ ಸಿಕ್ಕು ಬಿಡಿಸುವಂತೆ, ಅವಸರವಿಲ್ಲದೆ ಕಿತ್ತ. ಜೀಪಿನಲ್ಲಿ ರೂಲ್ಸಿನ ಮಾತನ್ನು ಯಾರೂ ಎತ್ತಲಿಲ್ಲ.

ಕೆಲಸ ಮುಗಿದ ಮೇಲೆ ಬಾಟಲಿ ಎತ್ತಿಕೊಂಡು, ಅದರ ಮಣ್ಣನ್ನು ಅಂಗಿಯ ತುದಿಯಿಂದ ಒರೆಸುತ್ತ ಬಂದ. ಸೀಟಿನ ಕೆಳಗೆ ಬಗ್ಗಿ, ದೊಡ್ಡವರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಅಳಿಯನ ಮಡಿಲಿಗಿಟ್ಟ.

"ನಿಮ್ದು ಸ್ವಾಮಿ. ನಮ್ಮ ಮನೇಲಿ ಉಳಿದುಬಿಟ್ಟಿತ್ತು."