ಮರಕ್ಕೆ ಮೂರು ಸಲ ನೀರು

ಮನೆಯಲ್ಲಿ ಜವಾಬ್ದಾರಿ ಇರುವವರು ಒಬ್ಬರಿದ್ದರೆ ಸಾಕು. ನಮ್ಮಲ್ಲಿ ಮೂವರಿದ್ದೆವು, ಅದಕ್ಕೇ ನೆಲ ಹಾಳಾಯಿತು.

ಬೇರೆಯವರು ಹೊಸ ವರ್ಷ ಬಂದ ಕೂಡಲೇ ಕ್ರಿಸ್ಮಸ್ ಮರವನ್ನು ಬೀದಿಗೆ ಎಸೆಯುತ್ತಾರೆ. ನಾವು ಅಮೆರಿಕದ ಮಿಲ್ವಾಕಿ ಊರಿನ ಪೋಲಿಷ್ ಜನ. ಫೆಬ್ರವರಿಯ ಮೇಣದಬತ್ತಿ ಹಬ್ಬದವರೆಗೂ ಅದನ್ನು ಅಲುಗಿಸುವಂತಿಲ್ಲ. ಅಲ್ಲಿಯವರೆಗೆ ಮರ ಹಸಿರಾಗಿರಬೇಕಲ್ಲ? ಬೆಳಿಗ್ಗೆ ಬುಡದ ಬೋಗುಣಿಗೆ ನಾನು ನೀರು ಹಾಕುತ್ತಿದ್ದೆ. ಸಂಜೆ ನನ್ನ ಗಂಡ ಕ್ಲೆಮ್ ಹಾಕುತ್ತಿದ್ದ. ನಡುವೆ ಅತ್ತೆ ಸ್ಟೆಲ್ಲಾ ಮಹಡಿಯಿಂದ ಇಳಿದು ಬಂದು, ಈ ಮನೆಯವರಿಗೆ ಕರುಣೆಯೇ ಇಲ್ಲ ಎಂದು ಗೊಣಗುತ್ತ ಒಂದು ಜಗ್ಗು ಸುರಿಯುತ್ತಿದ್ದರು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಬುಡಕ್ಕೆ ಸುತ್ತಿದ ಬಟ್ಟೆಯಡಿ ಹೆಚ್ಚಿನ ನೀರು ಹರಿಯುತ್ತಲೇ ಇತ್ತು.

ಹಬ್ಬದ ದಿನ ಮರ ಎತ್ತಿ ನೋಡಿದರೆ, ಅಯ್ಯೋ ದೇವರೇ! ನೆಲಕ್ಕೆ ಹಾಸಿದ್ದ ಮೇಪಲ್ ಮರದ ಹಲಗೆಗಳ ಅಂಚೆಲ್ಲ ಮೇಲೆದ್ದು, ನಡು ತಗ್ಗಾಗಿ ಕೂತಿತ್ತು.

ಅದು ತೀರಿಹೋದ ಮಾವ ಬ್ರೂನೋ ಕೈಯಾರೆ ಜೋಡಿಸಿದ ನೆಲ. ಮುಂದಿನ ವಾರವೇ ಮಗಳು ಕ್ರಿಸ್ಟಾಳ ಮದುವೆ. ಈಸ್ಟರ್ ಮುಂಚಿನ ಉಪವಾಸದ ತಪಸ್ಸುಕಾಲ ಹಿಡಿದರೆ ಮದುವೆ ಮಾಡುವಂತಿಲ್ಲ, ಹಾಗಾಗಿ ಮುಂದೂಡುವ ಮಾತೇ ಇಲ್ಲ. ಚರ್ಚಿಗೆ ಹೊರಡುವ ಮುಂಚೆ ಮದುಮಕ್ಕಳು ಆ ನೆಲದ ಮೇಲೇ ಮಂಡಿಯೂರಿ ಹಿರಿಯರ ಆಶೀರ್ವಾದ ಪಡೆಯಬೇಕು.

ಕ್ಲೆಮ್‌ನ ಕಸುಬೇ ಮರದ ನೆಲ ರಿಪೇರಿ. ಒದ್ದೆ ನೆಲವನ್ನು ಉಜ್ಜಿ ಸವೆಸಬೇಡಿ, ತಿಂಗಳುಗಟ್ಟಲೆ ಒಣಗಲಿ ಎಂದು ಗಿರಾಕಿಗಳ ಮೇಲೆ ಕೂಗಾಡುವವನು. ಎದ್ದ ಅಂಚನ್ನು ಈಗಲೇ ಉಜ್ಜಿ ಮಟ್ಟ ಮಾಡಿದರೆ, ಒಣಗಿದ ಮೇಲೆ ಅಂಚು ಕುಸಿದು ನಡು ಡುಬ್ಬವಾಗಿ ಉಳಿಯುತ್ತದೆ. ಅಂಥವನೇ ಮೂರು ದಿನ ಫ್ಯಾನು ತಿರುಗಿಸಿ, ನಾಲ್ಕನೇ ದಿನ ಉಜ್ಜುವ ಮಷೀನು ತಂದಿಟ್ಟ.

"ತಲೆ ಕೆಟ್ಟಿದ್ಯಾ ನಿಂಗೆ? ಮೇಲೊಂದು ಜಮಖಾನೆ ಹಾಸೋಣ ಬಿಡು," ಎಂದೆ.

"ನೆಲದ ಕ್ಲೆಮ್ ಮನೆ ನೆಲ ನೋಡ್ರೋ ಅಂತ ಬೀಗರು ನಗ್ಬೇಕಾ, ಡೋಲಿ? ಅಪ್ಪನ ನೆಲ ಕಣೇ ಇದು. ನನ್ ಮಗಳು ಇದರ ಮೇಲೇ ಮಂಡಿ ಊರ್ಬೇಕು, ಮಟ್ಟಸವಾಗಿರೋ ನೆಲದ ಮೇಲೆ."

"ಬೇಸಿಗೇಲಿ ಡುಬ್ಬ ಆದ್ರೆ? ಆ ನೆಲ ಮತ್ತೆ ಸಿಗುತ್ತಾ?"

"ಅಪ್ಪ ಆಗಿದ್ರೆ ಕೈ ಕಟ್ಕೊಂಡು ಕೂತಿರ್ತಿದ್ರಾ?"

"ಕೂತಿರ್ಲಿಲ್ಲ," ಎಂದರು ಮೆಟ್ಟಿಲ ಮೇಲಿಂದ ಅತ್ತೆ. "ಅದಕ್ಕೇ ಹೇಳ್ತೀನಿ. ಆ ಬೀರು ಸರಿಸು."

ಮೂಲೆಯ ಆ ಬೀರುವನ್ನು ಮುಟ್ಟಲು ಮಾವ ಯಾರನ್ನೂ ಬಿಟ್ಟವರಲ್ಲ. ಕ್ಲೆಮ್ ಹೆಗಲು ಕೊಟ್ಟು ನೂಕಿದ. ಅದರಡಿ ಒಂದು ಸಾಲು ಹಲಗೆ ಬ್ರೆಡ್ಡಿನ ಹಾಗೆ ಉಬ್ಬಿತ್ತು.

"ನೀನು ಹುಟ್ಟಿದ ವರ್ಷ ಕಣೋ ಇದು. ಆವಾಗ್ಲೂ ಹೀಗೇ ಮರದ ನೀರು ಹರಿದಿತ್ತು. ನಿನ್ನ ಜ್ಞಾನಸ್ನಾನಕ್ಕೆ ನೆಂಟರು ಬರ್ತಾರೆ, ನೆಲ ಸರಿಯಾಗಿರ್ಬೇಕು ಅಂತ ನಿಮ್ಮಪ್ಪ ಒದ್ದೆ ಹಲಗೇನೇ ಉಜ್ಜಿದ್ರು. ಬೇಸಿಗೇಲಿ ಹೀಗಾಯ್ತು. ಮಾರನೇ ದಿನವೇ ಬೀರು ತಂದ್ರು."

"ಆವತ್ತು ನೀರು ಹಾಕಿದ್ದು ಯಾರಮ್ಮ?"

"ನಾನೇ. ಮರ ಬಾಡಿತ್ತು, ಪಾಪ."

ಕ್ಲೆಮ್ ಆ ಡುಬ್ಬಗಳ ಪಕ್ಕ ಕೂತು ಕೈಯಾಡಿಸಿದ. ಅಳುತ್ತಾನೇನೋ ಅಂದುಕೊಂಡರೆ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಅವಸರ ಮಾಡ್ಬೇಡ, ಅವಸರ ಮಾಡ್ಬೇಡ ಅಂತ ನನ್ನ ಜೀವ ತಿಂದಿದ್ದು ಇದಕ್ಕಾ, ಅಪ್ಪಾ!" ಎಂದು ಕಣ್ಣೊರೆಸಿಕೊಂಡ. ಆಮೇಲೆ ಮಷೀನನ್ನು ವ್ಯಾನಿಗೆ ಹೊತ್ತುಕೊಂಡು ಹೋದ.

ಮದುವೆಯ ಬೆಳಿಗ್ಗೆ ಜಮಖಾನೆಯನ್ನೂ ಹಾಸಗೊಡಲಿಲ್ಲ. ನೆಲಕ್ಕೇನಾಗಿದೆ ಎಂದು ಬೀಗರು ಕೇಳಿದರೆ, "ಒಣಗ್ತಿದೆ," ಎಂದ ಗತ್ತಿನಿಂದ.

ಮದುಮಕ್ಕಳು ಮಂಡಿಯೂರಿದರು. "ಅಮ್ಮಾ, ಒತ್ತುತ್ತೆ," ಎಂದು ಕ್ರಿಸ್ಟಾ ಪಿಸುಗುಟ್ಟಿದಳು. ಅತ್ತೆ ಉದ್ದದ ಪ್ರಾರ್ಥನೆ ಹೇಳಿ, ಮಂತ್ರಿಸಿದ ನೀರನ್ನು ಧಾರಾಳವಾಗಿ ಚಿಮುಕಿಸಿದರು. ಹೊಸ ಸೂಟು ಹಾಕಿದ್ದ ಕ್ಲೆಮ್ ತಡೆಯಲಾರದೆ ಕುಕ್ಕರಿಸಿ, ಕರವಸ್ತ್ರದಿಂದ ನೆಲ ಒರೆಸತೊಡಗಿದ.

"ಅಮ್ಮಾ, ಸಾಕು ನೀರು!"

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆ ಮಾತ್ರ ನಗದೆ, ಮಗನ ತಲೆಗೂ ಒಂದಿಷ್ಟು ಚಿಮುಕಿಸಿ ಶಿಲುಬೆಯ ಗುರುತು ಹಾಕಿದರು.

ಬೇಸಿಗೆಗೆ ಹಲಗೆಗಳು ತಾವಾಗಿ ಇಳಿದವು. ಆಗ ಕ್ಲೆಮ್ ಇಡೀ ಕೋಣೆಯನ್ನು ಉಜ್ಜಿ ಎಣ್ಣೆ ಹಚ್ಚಿದ, ಅಪ್ಪನ ಡುಬ್ಬಗಳನ್ನು ಮಾತ್ರ ಮುಟ್ಟಲಿಲ್ಲ. ಬೀರುವೂ ಆ ಮೂಲೆಗೆ ಮತ್ತೆ ಹೋಗಲಿಲ್ಲ.