ಮೆಟ್ಟಿಲಿಲ್ಲದ ಮನೆ

ನನ್ನ ಗಂಡ ಓಂಕಾರಪ್ಪನವರ ಸಾಕ್ಷಿ ಇಪ್ಪತ್ತು ನಿಮಿಷದ್ದು. ದೇವರು ತನ್ನ ಬಾಳನ್ನು ಹೇಗೆ ಬದಲಿಸಿದ ಎಂದು ಸಭೆಯ ಮುಂದೆ ಎದ್ದು ನಿಂತು ಹೇಳುವುದಕ್ಕೆ ಸಾಕ್ಷಿ ಎನ್ನುತ್ತಾರೆ. ವಿಜಯವಾಡದ ನಮ್ಮ ಚರ್ಚಿನಲ್ಲಿ ಕೇಳಿ ಕೇಳಿ ನನಗದು ಬಾಯಿಪಾಠ. ಎಂಟನೇ ನಿಮಿಷಕ್ಕೆ ಅವರು ಕುಡಿದು ಆಟೋನಗರ್‌ನ ಚರಂಡಿಯಲ್ಲಿ ಬಿದ್ದಿರುತ್ತಾರೆ. ಹನ್ನೊಂದಕ್ಕೆ ನನ್ನನ್ನು ಹೊಡೆಯುತ್ತಾರೆ. ಆಗ ಸಭೆಯೆಲ್ಲ ತಿರುಗಿ ನನ್ನ ಕಡೆ ನೋಡುತ್ತದೆ, ನಾನು ಸೆರಗು ಸರಿಮಾಡಿಕೊಳ್ಳುತ್ತೇನೆ. ಹದಿನೈದಕ್ಕೆ, ಚರ್ಚಿನ ಗೇಟಿಗೆ ವೆಲ್ಡಿಂಗ್ ಮಾಡಲು ಹೋದವರು ಒಳಗಿನ ಹಾಡು ಕೇಳಿ ಅಲ್ಲೇ ಕುಸಿದು ಅಳುತ್ತಾರೆ. ಹೇಳುವಾಗಲೂ ಅಲ್ಲಿಯೇ ಅಳುತ್ತಾರೆ.

ಅವರು ಬದಲಾದದ್ದು ಸುಳ್ಳಲ್ಲ. ಏಳು ವರ್ಷದಿಂದ ಒಂದು ಹನಿ ಮುಟ್ಟಿಲ್ಲ. ಲಾರಿ ಬಾಡಿ ಕಟ್ಟುವ ಶೆಡ್ಡಿನಿಂದ ಸಂಜೆ ನೆಟ್ಟಗೆ ಮನೆಗೆ ಬರುತ್ತಾರೆ. ನನಗೆ ಜ್ವರ ಬಂದರೆ ಗಂಜಿ ಕಾಯಿಸಿ ತಂದು ಪಕ್ಕದಲ್ಲಿ ಕೂರುತ್ತಾರೆ. ಹಾವೇರಿಯ ನನ್ನ ತವರಿನವರು ನಂಬದೆ ಬಂದು, ವಾರವಿದ್ದು, ಕಣ್ಣಾರೆ ಕಂಡು ಹೋದರು. ಕೃಪೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಆ ಗಂಜಿಯನ್ನೇ ತೋರಿಸಿಯೇನು.

ಆದರೆ ಆ ಗಂಜಿಯ ರುಚಿ ನಮ್ಮ ಮಗಳಿಗೆ ಗೊತ್ತಿಲ್ಲ. ಅಮೂಲ್ಯಾ ಹತ್ತನೇ ತರಗತಿ ಮುಗಿಸಿ ವಿಶಾಖಪಟ್ಟಣದ ಹಾಸ್ಟೆಲಿಗೆ ಹೋದ ಮೇಲೆಯೇ ಅಪ್ಪ ಬದಲಾದದ್ದು. ಅವಳು ಅಲ್ಲೇ ಓದಿ, ಪರವಾಡದ ಔಷಧಿ ಕಂಪನಿಯೊಂದರಲ್ಲಿ ಕೆಲಸ ಹಿಡಿದಳು. ನನಗೆ ಫೋನ್ ಮಾಡುತ್ತಾಳೆ. ಅಪ್ಪನೊಂದಿಗೆ ಮನೆ ಬಿಟ್ಟಂದಿನಿಂದ ಮಾತಿಲ್ಲ.

ಕಳೆದ ಗುರುವಾರ ಫೋನಿನಲ್ಲಿ ಅವಳು ತಣ್ಣಗೆ ಹೇಳಿದಳು: “ಅಪ್ಪನ ಸಾಕ್ಷಿ ಯೂಟ್ಯೂಬಿನಾಗ ನೋಡಿದೆ ಅವ್ವ. ಚಲೋ ಹೇಳ್ಯಾನ. ನನ್ನ ಕಿವಿ ಮಾತ್ರ ಎಲ್ಲೂ ಬರಲಿಲ್ಲ.”

ಒಂಬತ್ತನೇ ತರಗತಿಯಲ್ಲಿದ್ದಾಗ ನನ್ನನ್ನು ಬಿಡಿಸಲು ಅಡ್ಡ ಬಂದಿದ್ದಳು. ಎಡಗೆನ್ನೆಗೆ ಬಿದ್ದ ಏಟಿಗೆ ಕಿವಿಯಿಂದ ರಕ್ತ ಬಂತು. ಆ ಕಿವಿ ಮತ್ತೆ ಕೇಳಿಸಲಿಲ್ಲ. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ, ಮೆಟ್ಟಿಲ ಮೇಲಿಂದ ಬಿದ್ದಳು ಎಂದವಳು ನಾನು. ಹುಡುಗಿ ನನ್ನ ಮುಖ ನೋಡಿ ಸುಮ್ಮನಾದಳು. ನಮ್ಮ ಒಂದು ಕೋಣೆಯ ಬಾಡಿಗೆ ಮನೆಗೆ ಮೆಟ್ಟಿಲೇ ಇರಲಿಲ್ಲ.

ಶನಿವಾರ ವಿಶಾಖಪಟ್ಟಣದಲ್ಲಿ ದೊಡ್ಡ ಸಭೆ. ಪೋಸ್ಟರಿನಲ್ಲಿ ಇವರ ಫೋಟೋ. ಮಧ್ಯಾಹ್ನ ಎರಡಕ್ಕೆ ಇವರ ಸಾಕ್ಷಿ. ಅಮೂಲ್ಯಾಳ ಶಿಫ್ಟ್ ಬಿಡುವುದೂ ಎರಡಕ್ಕೇ. ಬೆಳಗಿನ ರೈಲು ಹತ್ತುವಾಗಲೇ ನಾನು ನಿರ್ಧಾರ ಮಾಡಿಬಿಟ್ಟಿದ್ದೆ.

ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಮುದುಡದಂತೆ ಕೂತು, ತುಟಿಯಲ್ಲೇ ಸಾಕ್ಷಿ ಒಪ್ಪಿಸಿಕೊಳ್ಳುತ್ತಿದ್ದರು. ತುನಿ ಸ್ಟೇಷನ್ ದಾಟಿದ ಮೇಲೆ ಕೇಳಿದೆ: “ರೀ, ಅಮೂಲ್ಯಾನ ಕಿವಿ ವಿಷಯ ಇವತ್ತರ ಹೇಳ್ತೀರೇನು?”

ಅವರ ತುಟಿ ನಿಂತಿತು. “ದೇವರು ಎಲ್ಲಾ ಕ್ಷಮಿಸ್ಯಾನ. ಹಳೇದನ್ನ ಯಾಕ ಕೆದಕ್ತಿ?”

“ದೇವರ ಕಿವಿ ನೆಟ್ಟಗೈತ್ರಿ. ಕೆಟ್ಟಿದ್ದು ಆಕಿದು.”

ಅವರು ಕಿಟಕಿಯಾಚೆ ನೋಡತೊಡಗಿದರು. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎದುರಿನ ಸೀಟಿನವರು ನೋಡುತ್ತಿದ್ದರೆಂದು ನುಂಗಿಕೊಂಡೆ.

ವಿಶಾಖಪಟ್ಟಣಕ್ಕಿಂತ ಮೊದಲು ದುವ್ವಾಡ ಬರುತ್ತದೆ. ರೈಲು ನಿಂತ ಕೂಡಲೇ ಚೀಲ ಹೆಗಲಿಗೇರಿಸಿ ಇಳಿದುಬಿಟ್ಟೆ. ಅವರು ಬಾಗಿಲಿಗೆ ಓಡಿ ಬಂದರು.

“ಏ ಹೇಮಾಕ್ಷಿ! ವೈಜಾಗ್ ಇನ್ನೂ ಮುಂದೈತಿ!”

“ಪರವಾಡಕ್ಕ ಇಲ್ಲಿಂದ ಹತ್ರ. ಸಾವಿರ ಮಂದಿಗೆ ಹೇಳೂ ಮೊದಲು ಒಬ್ಬಾಕಿಗೆ ಹೇಳ್ರಿ. ಒಲ್ಲೆ ಅಂದ್ರ ನೀವು ಮುಂದ ಹೋಗ್ರಿ, ನಾ ಏನೂ ಸಿಟ್ಟಾಗಂಗಿಲ್ಲ.”

ಸಿಟ್ಟಾಗುವುದಿಲ್ಲ ಎಂದದ್ದು ಸುಳ್ಳು. ರೈಲು ಮೆಲ್ಲಗೆ ಅಲುಗಿತು. ಕಂಬಿ ಹಿಡಿದು ನಿಂತವರನ್ನು ನೋಡುತ್ತಾ, ಸ್ವಾಮಿ, ಈ ಮನುಷ್ಯನನ್ನು ಇಳಿಸು ಎಂದು ಬೇಡಿಕೊಂಡೆ. ಹತ್ತು ಹೆಜ್ಜೆ ಮುಂದೆ ಹೋಗಿ ಅವರು ಇಳಿದರು. ಮುಗ್ಗರಿಸಿ ಕೈ ಊರಿದರು, ಬಿಳಿ ಅಂಗಿಯ ತೋಳು ಮಣ್ಣಾಯಿತು. ಎದ್ದು ನಿಂತು ಪಾಸ್ಟರಿಗೆ ಫೋನ್ ಮಾಡಿ ತೆಲುಗಿನಲ್ಲಿ, “ಅಯ್ಯಗಾರು, ನನ್ನ ಸಾಕ್ಷಿ ಇನ್ನೂ ಅರ್ಧ ಐತಿ. ಇವತ್ತು ಬೇರೆಯವರಿಗೆ ಹೇಳಾಕ ಬಿಡ್ರಿ” ಎಂಬ ಅರ್ಥದಲ್ಲಿ ಹೇಳಿ, ಫೋನನ್ನೇ ಬಂದ್ ಮಾಡಿದರು.

ಆಟೋದಲ್ಲಿ ಅವರು ತೋಳಿನ ಮಣ್ಣು ಕೊಡವುತ್ತಾ ಕೇಳಿದರು: “ಆಕಿ ಮಾತಾಡಲಿಲ್ಲ ಅಂದ್ರ?”

“ವಾಪಸ್ ಬರೂಣು. ಕ್ಷಮಿಸೂದು ಬಿಡೂದು ಆಕಿ ಕೈಯಾಗೈತಿ. ಕೇಳೂದು ನಿಮ್ಮ ಕೈಯಾಗೈತಿ.”

ಹೀಗೆ ದೊಡ್ಡ ಮಾತಾಡಿದವಳಿಗೆ ಅರ್ಧ ದಾರಿಯಲ್ಲಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನನ್ನ ಮೆಟ್ಟಿಲು ನೆನಪಾಯಿತು. ಏಟು ಅವರದು, ಸರಿ. ಅದನ್ನು ಮುಚ್ಚಿಟ್ಟ ಸುಳ್ಳು ಯಾರದು? ಇಷ್ಟು ವರ್ಷ ಸಭೆಯಲ್ಲಿ ಸೆರಗು ಸರಿಮಾಡಿಕೊಂಡು ಒಳ್ಳೆಯವಳಾಗಿ ಕೂತವಳು ನಾನೇ ಅಲ್ಲವೇ?

ಕಂಪನಿಯ ಗೇಟಿನ ಹೊರಗೆ ಬಸ್ಸುಗಳು ಸಾಲಾಗಿ ಗುರುಗುಟ್ಟುತ್ತಿದ್ದವು. ಒಳಗೆ ಫೋನ್ ಒಯ್ಯುವಂತಿಲ್ಲ, ಹಾಗಾಗಿ ನಾವು ಬರುವುದು ಅವಳಿಗೆ ಗೊತ್ತಿರಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡು ಗೆಳತಿ ಪ್ರತ್ಯೂಷಾಳೊಂದಿಗೆ ಹೊರಬಂದವಳು ನಮ್ಮನ್ನು ಕಂಡು ನಿಂತಳು. ಪ್ರತ್ಯೂಷಾ ಬಸ್ಸು ಹತ್ತಿದಳು.

ಇವರು ಹೋಗಿ ಅವಳ ಪಕ್ಕ ನಿಂತರು. ತಲೆ ತಗ್ಗಿಸಿ, ಮೆಲುದನಿಯಲ್ಲಿ, ತಡವರಿಸುತ್ತಾ ಏನೋ ಹೇಳಿ ಮುಗಿಸಿದರು. ಅಮೂಲ್ಯಾ ಅಲುಗಾಡಲಿಲ್ಲ. ಇವರು ನಿಂತದ್ದು ಅವಳ ಎಡಗಡೆ. ಬಸ್ಸುಗಳ ಸದ್ದಿನಲ್ಲಿ ಅವಳಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ಅವಳು ನನ್ನತ್ತ ತಿರುಗಿದಳು. “ಏನಂತಾನವ್ವ?”

ಅಪ್ಪ ಮಗಳ ನಡುವೆ ಮಾತು ಹೊತ್ತು ತಿರುಗುವುದೇ ನನ್ನ ಜನ್ಮದ ಕೆಲಸವಾಗಿತ್ತು. ಬಾಯಿ ತಾನಾಗಿ ತೆರೆಯಿತು. ಹಲ್ಲು ಕಚ್ಚಿ ತಡೆದೆ. “ನಾ ಹೇಳಂಗಿಲ್ಲ. ಅವ್ರ ಬಾಯಿಂದನ ಕೇಳು.”

ಡ್ರೈವರು ಹಾರ್ನ್ ಹೊಡೆದ. ಪ್ರತ್ಯೂಷಾ ಕಿಟಕಿಯಿಂದ ಕೂಗಿದಳು. ಅಮೂಲ್ಯಾ ಹೋಗಿರೆಂದು ಕೈ ಬೀಸಿದಳು. ಬಸ್ಸು ಹೊರಟಿತು. ಆಮೇಲೆ ಅವಳು ಅಪ್ಪನನ್ನು ಸುತ್ತಿ ಆಚೆ ಬದಿಗೆ ಹೋಗಿ, ಬಲಗಿವಿ ಅವರ ಕಡೆ ಮಾಡಿ ನಿಂತಳು.

“ಈ ಕಿವಿ ಕೇಳಸ್ತೈತಿ. ಹೇಳು.”

“ನಿನ್ನ ಕಿವಿ ಕೆಡಿಸಿದಾವ ನಾನು,” ಎಂದರು ಅವರು. ಸಭೆಯ ದನಿಯಲ್ಲ, ಸಭೆಯ ಕಣ್ಣೀರೂ ಇಲ್ಲ. “ನಿಮ್ಮವ್ವನ್ನ ಬಿಡಸಾಕ ಬಂದಿದ್ದಿ. ಕುಡದಿದ್ದೆ ಅನ್ನೂದು ನೆಪ. ಗೊತ್ತಿದ್ದ ಹೊಡದೆ. ತಪ್ಪಾತವ್ವ ನಂದು.”

ಗೊತ್ತಿದ್ದೇ ಹೊಡೆದೆ ಎಂಬುದನ್ನು ನಾನೂ ಅವತ್ತೇ ಕೇಳಿದ್ದು. ಅಮೂಲ್ಯಾ ಚೀಟಿಯ ದಾರ ತಿರುಚಿದಳು.

“ಸಿಟ್ಟು ಹೋಗಿಲ್ಲ ಅಪ್ಪ ನನಗ.”

“ಇರಲಿ.”

“ಊಟ ಮಾಡೀರೇನು? ಮುಖ ಬಾಡೇತಿ.”

ಅವರು ಇಲ್ಲವೆಂದು ತಲೆಯಾಡಿಸಿದರು. ಅಷ್ಟು ವರ್ಷದ ಮೇಲೆ ಮಗಳು ಅವರನ್ನು ಅಪ್ಪ ಎಂದು ಕರೆದಿದ್ದಳು. ಸಿಟ್ಟು ಹೊಟ್ಟೆಯಲ್ಲಿಟ್ಟುಕೊಂಡೇ ಹಸಿವು ಕೇಳಿದಳಲ್ಲ, ಅದನ್ನು ಅವರು ಗಳಿಸಿರಲಿಲ್ಲ. ನಾನೂ ಗಳಿಸಿರಲಿಲ್ಲ.

ಅವಳು ಮುಂದೆ ನಡೆದಳು. ನಾನು ಓಡಿ ಅವಳನ್ನು ಕೂಡಿಕೊಂಡು, ಧೈರ್ಯ ಹೋಗುವ ಮೊದಲೇ ಹೇಳಿಬಿಟ್ಟೆ: “ಅಮೂಲ್ಯಾ, ನಂದೂ ಒಂದು ತಪ್ಪೈತಿ. ನಮ್ಮ ಮನಿಗೆ ಮೆಟ್ಟಲಾ ಇರಲಿಲ್ಲ.”

ಅವಳು ನಡೆಯುತ್ತಲೇ ಇದ್ದಳು. ದಾರಿಯುದ್ದಕ್ಕೂ ಗಂಡನಿಗೆ ಬುದ್ಧಿ ಹೇಳಿದ ನಾನೂ ಅವಳ ಎಡಗಡೆಯೇ ಇದ್ದೆ.

ಅವಳ ತೋಳು ಹಿಡಿದೆ. ಅವಳು ನನ್ನ ಮುಖ ನೋಡಿದಳು, ಎಲ್ಲ ತಿಳಿದವಳಂತೆ ಸುತ್ತಿ ಬಂದು, ಬಲಗಿವಿಯನ್ನು ನನ್ನ ಕಡೆಗೂ ಮಾಡಿದಳು. ನಾನು ಎರಡನೇ ಸಲ ಹೇಳಿದೆ.